ಮಂಚದ ಕೆಳಗಿನ ಹೊಸ ಬೆಕ್ಕು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಕ್ಕು ತೆಗೆದುಕೊಂಡು ಹೋದವರಿಂದ ಎರಡು ಮೂರು ದಿನದಲ್ಲಿ ಫೋನ್ ಬಂದೇ ಬರುತ್ತದೆ. "ಬೆಕ್ಕು ಕಾಣ್ತಿಲ್ಲ!" ಎಲ್ಲಿಗೂ ಹೋಗಿರುವುದಿಲ್ಲ, ಫ್ರಿಜ್ ಹಿಂದೆಯೋ ದಿವಾನದ ಒಳಗೋ ಇರುತ್ತದೆ. ನಾನು ಡಾಕ್ಟರ್ ಅಲ್ಲ. ಬೀದಿಯಲ್ಲಿ ಸಿಕ್ಕ ಬೆಕ್ಕುಗಳನ್ನು ಬೆಂಗಳೂರಿನ ನನ್ನ ಬಾಡಿಗೆ ಮನೆಯಲ್ಲಿ ಸ್ವಲ್ಪ ದಿನ ಇಟ್ಟುಕೊಂಡು, ಆಮೇಲೆ ಒಳ್ಳೆ ಮನೆ ನೋಡಿ ಕೊಡುತ್ತೇನೆ, ಅಷ್ಟೆ. ಅವುಗಳಲ್ಲಿ ಅರ್ಧಕ್ಕರ್ಧ ಪುಕ್ಕಲು ಬೆಕ್ಕುಗಳೇ. ಅದೇ ಉತ್ತರವನ್ನು ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಪ್ರಶ್ನೆಗಳು ಮಾತ್ರ ಕೇಳಿದವರ ಬಾಯಲ್ಲಿ ಬಂದ ಹಾಗೇ ಇವೆ.

## ತರುವ ಮೊದಲು

ನಾಳೆ ಬೆಕ್ಕು ತರ್ತಿದ್ದೀವಿ. ಏನೇನು ರೆಡಿ ಮಾಡ್ಕೋಬೇಕು?

ಒಂದು ಕೋಣೆ. ಇಡೀ ಮನೆ ಬೇಡ. ಬಾಗಿಲು ಸರಿಯಾಗಿ ಮುಚ್ಚುವ, ಜನ ಜಾಸ್ತಿ ಓಡಾಡದ ಕೋಣೆಯಾದರೆ ಒಳ್ಳೆಯದು. ಬೇರೆ ಕೋಣೆಯೇ ಇಲ್ಲ ಅಂದರೆ ಹಾಲಿನ ಒಂದು ಮೂಲೆಗೆ ಹಳೇ ಬೆಡ್‌ಶೀಟ್ ಮರೆ ಕಟ್ಟಿ. ಅಡುಗೆಮನೆ ಮಾತ್ರ ಬೇಡ. ಕುಕ್ಕರ್ ಒಂದು ಸಲ ಕೂಗಿದರೆ ಸಾಕು, ನಾಲ್ಕು ದಿನದ ಕೆಲಸ ನೀರಿಗೆ ಹೋಯಿತು.

ಒಂದು ಮೂಲೆಯಲ್ಲಿ ಮರಳಿನ ಟ್ರೇ, ಅದರಿಂದ ಆದಷ್ಟು ದೂರದಲ್ಲಿ ಊಟ, ನೀರು. ಕಕ್ಕಸಿನ ಪಕ್ಕ ತಟ್ಟೆ ಇಟ್ಟರೆ ನಾವು ತಿನ್ನುತ್ತೇವಾ? ಬೆಕ್ಕು ಮೊದಲಿದ್ದ ಜಾಗದಿಂದ ಅದು ಮಲಗುತ್ತಿದ್ದ ಬಟ್ಟೆಯೊಂದನ್ನು ಕೇಳಿ ತನ್ನಿ. ವಾಸನೆ ಬರುತ್ತೆ ಅಂತ ಒಗೆಯಬೇಡಿ, ಆ ವಾಸನೆಗೇ ಅದನ್ನು ತರುವುದು.

ಮತ್ತೆ ಒಂದು ರಟ್ಟಿನ ಡಬ್ಬ. ಮಿಕ್ಸಿ ಬಂದ ಡಬ್ಬ ಸಣ್ಣದಾಯಿತು, ಟೇಬಲ್ ಫ್ಯಾನಿನ ಡಬ್ಬ ಸರಿಯಾಗುತ್ತದೆ. ಮಗುಚಿ ಹಾಕಿ ಎರಡು ಕಡೆ ತೂತು ಕೊಯ್ಯಿರಿ. ಒಂದೇ ಬಾಗಿಲಿದ್ದರೆ ಸಿಕ್ಕಿಹಾಕಿಕೊಂಡೆ ಅನ್ನುವ ಭಯ ಅದಕ್ಕೆ. 2014ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಒಂದು ಅಧ್ಯಯನದಲ್ಲಿ, ಆಶ್ರಯತಾಣಕ್ಕೆ ಹೊಸದಾಗಿ ಬಂದ 19 ಬೆಕ್ಕುಗಳ ಪೈಕಿ 10ಕ್ಕೆ ಅಡಗಲು ಡಬ್ಬ ಕೊಟ್ಟರು, 9ಕ್ಕೆ ಕೊಡಲಿಲ್ಲ. ಮೂರು ನಾಲ್ಕನೇ ದಿನಕ್ಕೇ ಡಬ್ಬ ಇದ್ದವು ಜಾಸ್ತಿ ಸುಧಾರಿಸಿಕೊಂಡಿದ್ದವು. ಸಾವಿರಾರು ರೂಪಾಯಿಯ ಬೆಕ್ಕಿನ ಹಾಸಿಗೆ ಕೊಳ್ಳುವವರಿಗೆ ನಾನು ಇದನ್ನೇ ಹೇಳುವುದು.

ಡಬ್ಬ ಇಟ್ಟ ಮೇಲೆ ಉಳಿದ ಸಂದಿಗಳನ್ನು ಮುಚ್ಚಿ. ಬೀರುವಿನ ಹಿಂದೆ, ಸಜ್ಜೆಯ ಮೇಲೆ, ಸೋಫಾದ ಅಡಿಯಲ್ಲಿ ಹರಿದಿರುವ ಬಟ್ಟೆ. ಅಡಗಲಿ, ಆದರೆ ನಿಮಗೆ ಕಾಣುವ ಕಡೆ ಅಡಗಲಿ.

ಬಾಲ್ಕನಿಗೆ ಪಾರಿವಾಳದ ನೆಟ್ ಹಾಕಿಸಿದ್ದೇವೆ, ಅಷ್ಟು ಸಾಕಲ್ವಾ?

ಸಾಲದು. ನೈಲಾನ್ ನೆಟ್ ಇರುವುದು ಪಾರಿವಾಳ ಒಳಗೆ ಬರದಿರಲಿ ಅಂತ. ಬೆಕ್ಕು ಅದನ್ನು ಕಚ್ಚಿ ತೂತು ಮಾಡುತ್ತದೆ, ಬಿಸಿಲಿಗೆ ಲಡ್ಡಾಗಿದ್ದರೆ ಮೈಭಾರಕ್ಕೇ ಹರಿಯುತ್ತದೆ. ಕಬ್ಬಿಣದ ಇಲ್ಲವೇ ಸ್ಟೀಲ್ ಜಾಲರಿ ಹಾಕಿಸಿ. ಕಿಟಕಿ ಸರಳುಗಳ ನಡುವೆ ತಲೆ ತೂರಿದರೆ ಮೈಯೂ ತೂರುತ್ತದೆ, ಮರಿಯಾದರಂತೂ ಕೇಳಲೇ ಬೇಡಿ. "ಬೆಕ್ಕು ಎಲ್ಲಿಂದ ಬಿದ್ರೂ ಕಾಲ ಮೇಲೇ ನಿಲ್ಲುತ್ತೆ" ಅನ್ನುವವರು ನಾಲ್ಕನೇ ಮಹಡಿಯಿಂದ ಬಿದ್ದ ಬೆಕ್ಕಿನ ದವಡೆ ನೋಡಿಲ್ಲ.

ಗೋಣಿಚೀಲದಲ್ಲಿ ತಂದ್ರೆ ದಾರಿ ಮರೆಯುತ್ತೆ ಅಂತಾರೆ ನಮ್ಮಜ್ಜಿ. ನಿಜಾನಾ?

ಅಜ್ಜಿಯರ ಕಾಲದಲ್ಲಿ ಕೊತ್ತಿ ತರುತ್ತಿದ್ದದ್ದು ಹಾಗೇ. ದಾರಿ ಮರೆಯುತ್ತೋ ಬಿಡುತ್ತೋ, ಚೀಲದೊಳಗೆ ಉಸಿರು ಕಟ್ಟಿ ಒದ್ದಾಡಿದ್ದು ಮಾತ್ರ ಅದು ಮರೆಯುವುದಿಲ್ಲ, ಚೀಲ ಬಿಚ್ಚಿದವರ ಮುಖವನ್ನೂ ಮರೆಯುವುದಿಲ್ಲ. ಬೆಕ್ಕು ಒಯ್ಯಲೆಂದೇ ಇರುವ, ಬಾಗಿಲಿನ ಗಟ್ಟಿ ಪ್ಲಾಸ್ಟಿಕ್ ಬುಟ್ಟಿ ತನ್ನಿ, ಮೇಲೆ ತೆಳ್ಳನೆ ಬಟ್ಟೆ ಮುಚ್ಚಿ. ಕತ್ತಲಾದರೆ ಎಷ್ಟೋ ಬೆಕ್ಕು ಸುಮ್ಮನಾಗುತ್ತವೆ. ಸ್ಕೂಟರಿನಲ್ಲಿ ಕೈಯಲ್ಲಿ ಹಿಡಿದುಕೊಂಡು ಬರುತ್ತೇವೆ ಅನ್ನುವವರಿಗೆ ನಾನು ಬೆಕ್ಕು ಕೊಡುವುದೇ ಇಲ್ಲ.

ನೆಲಕ್ಕೆ ಫಿನಾಯಿಲ್ ಹಾಕಿ ಒರೆಸ್ತೀವಿ. ತೊಂದರೆ ಇಲ್ಲ ತಾನೇ?

ಇದೆ. ನೆಲದ ಮೇಲಿದ್ದದ್ದು ಅದರ ಪಾದಕ್ಕೆ ಅಂಟುತ್ತದೆ, ಪಾದ ನೆಕ್ಕಿದಾಗ ಹೊಟ್ಟೆಗೆ ಹೋಗುತ್ತದೆ. ಫಿನಾಯಿಲ್, ಡೆಟಾಲ್ ಥರದ ದ್ರವಗಳಲ್ಲಿರುವ ಕೆಲವು ರಾಸಾಯನಿಕಗಳನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ. ಬಿಸಿನೀರು, ಸ್ವಲ್ಪ ಸೋಪು ಸಾಕು. ನುಸಿಗುಳಿಗೆಯನ್ನೂ ಎತ್ತಿಡಿ. ಹೂಕುಂಡದಲ್ಲಿ ಲಿಲ್ಲಿ ಇದ್ದರೆ ಬೇರೆಯವರಿಗೆ ಕೊಟ್ಟುಬಿಡಿ, ಅದರ ಪರಾಗ ನೆಕ್ಕಿದರೂ ಕಿಡ್ನಿ ಹೋಗುತ್ತದೆ. ನಾಯಿಗೆ ಹಾಕುವ ಉಣ್ಣೆ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಕೊಟ್ಟವರಿದ್ದಾರೆ. ದಯವಿಟ್ಟು ಬೇಡ, ಒಂದೇ ಮಾತ್ರೆ ಜೀವ ತೆಗೆಯಬಹುದು.

## ಮೊದಲ ವಾರ

ಎರಡು ದಿನ ಆಯ್ತು, ಮಂಚದ ಕೆಳಗಿಂದ ಹೊರಗೇ ಬರ್ತಿಲ್ಲ. ಎಳೆದು ತೆಗೆಯಲಾ?

ಬೇಡ. ಎಳೆದರೆ ಅಡಗಿದ ಜಾಗವೂ ಸುರಕ್ಷಿತ ಅಲ್ಲ ಅಂತ ಅದಕ್ಕೆ ಕಲಿಸಿದ ಹಾಗಾಯಿತು. ಬಗ್ಗಿ ಬಗ್ಗಿ ನೋಡುವುದು, ಮೊಬೈಲ್ ಟಾರ್ಚ್ ಬಿಡುವುದು, ಬಂದ ನೆಂಟರಿಗೆಲ್ಲ ತೋರಿಸುವುದು, ಇವೂ ಬೇಡ.

ನನ್ನ ಹತ್ತಿರ ಬೂದಿ ಅಂತ ಒಂದು ಬೆಕ್ಕಿದೆ. ಯಾರಿಗಾದರೂ ಕೊಡೋಣ ಅಂತ ತಂದದ್ದು, ನನ್ನಲ್ಲೇ ಉಳಿಯಿತು. ಬಂದ ದಿನವೇ ದಿವಾನದ ಹಲಗೆಯ ಸಂದಿಯಲ್ಲಿ ತೂರಿ ಒಳಗಿದ್ದ ಹಳೇ ರೇಷ್ಮೆ ಸೀರೆಗಳ ಗಂಟಿನ ಹಿಂದೆ ಕೂತಿತು. ಹನ್ನೊಂದು ದಿನ ನಾನು ಅದರ ಮುಖ ನೋಡಲಿಲ್ಲ. ಬೆಳಿಗ್ಗೆ ಎದ್ದರೆ ತಟ್ಟೆ ಖಾಲಿ, ಟ್ರೇಯಲ್ಲಿ ಎರಡು ಗುಂಡಿ, ಅಷ್ಟೇ ಅದು ಬದುಕಿರುವುದಕ್ಕೆ ಸಾಕ್ಷಿ. ನಾನು ದಿನಾ ರಾತ್ರಿ ಒಂಬತ್ತಕ್ಕೆ ದಿವಾನಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕೂತು ಪೇಪರನ್ನು ಮೆಲುದನಿಯಲ್ಲಿ ಓದುತ್ತಿದ್ದೆ, ಮಾರುಕಟ್ಟೆ ಧಾರಣೆ ಸಮೇತ. ಬ್ಯಾಡಗಿ ಮೆಣಸಿನಕಾಯಿ ಕ್ವಿಂಟಾಲಿಗೆ ಎಷ್ಟು, ಅಡಿಕೆ ಎಷ್ಟು. ಹನ್ನೆರಡನೇ ರಾತ್ರಿ ಸೊಂಟದ ಹತ್ತಿರ ಏನೋ ತಣ್ಣಗೆ ತಾಗಿತು. ಮೂಗು. ತಿರುಗಿ ನೋಡಬೇಕು ಅನ್ನಿಸಿದರೂ ನೋಡಲಿಲ್ಲ, ಮುಂದಿನ ಸಾಲು ಓದಿದೆ. ಒಂದು ನಿಮಿಷ ಮೂಸಿ ಹೋಯಿತು.

ಹಾಗಾಗಿ ನಿಮ್ಮ ಕೆಲಸ ಇಷ್ಟೆ: ದಿನಾ ಅದೇ ಹೊತ್ತಿಗೆ ಹೋಗಿ, ಊಟ ಇಟ್ಟು, ಅರ್ಧ ಗಂಟೆ ನೆಲದ ಮೇಲೆ ಕೂತು ನಿಮ್ಮ ಪಾಡಿಗೆ ಏನಾದರೂ ಮಾಡಿಕೊಳ್ಳಿ. ನಿಂತ ಮನುಷ್ಯ ಬೆಕ್ಕಿನ ಕಣ್ಣಿಗೆ ತೆಂಗಿನಮರ. ಬೆಕ್ಕು ಸಾಕುವವರು ಮೂರು ದಿನ, ಮೂರು ವಾರ, ಮೂರು ತಿಂಗಳು ಅಂತ ಒಂದು ಲೆಕ್ಕ ಹೇಳುತ್ತಾರೆ. ಗಾಬರಿ ಇಳಿಯಲು ಮೂರು ದಿನ, ಮನೆಯ ದಿನಚರಿ ತಿಳಿಯಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಅಂದಾಜು ಅಷ್ಟೆ. ಬೂದಿ ಆ ಲೆಕ್ಕ ಓದಿರಲಿಲ್ಲ.

ಬಂದಾಗಿಂದ ಊಟ ಮುಟ್ಟಿಲ್ಲ. ಎಷ್ಟು ದಿನ ಕಾಯಬಹುದು?

ಇಲ್ಲಿ ತಾಳ್ಮೆ ಕೆಲಸಕ್ಕೆ ಬಾರದು. ಮೊದಲ ದಿನ ತಿನ್ನದಿರುವುದು ಮಾಮೂಲು. ದೊಡ್ಡ ಬೆಕ್ಕು ಎರಡನೇ ದಿನವೂ ಏನೂ ಮುಟ್ಟದಿದ್ದರೆ ಡಾಕ್ಟರ್‌ಗೆ ಫೋನ್ ಮಾಡಿ. ಮರಿಯಾದರೆ ಒಂದು ದಿನವೂ ಕಾಯಬೇಡಿ. ಬೆಕ್ಕು ಕೆಲವು ದಿನ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಲಿವರಿಗೆ ಬಂದು ತುಂಬಿಕೊಂಡು ಪ್ರಾಣಕ್ಕೇ ಕುತ್ತಾಗುತ್ತದೆ, ದಪ್ಪ ಬೆಕ್ಕುಗಳಿಗೆ ಇದು ಇನ್ನೂ ಬೇಗ.

ಅಷ್ಟರೊಳಗೆ ಮಾಡಬಹುದಾದದ್ದು: ಮೊದಲಿದ್ದ ಮನೆಯಲ್ಲಿ ಏನು ತಿನ್ನುತ್ತಿತ್ತೋ ಅದನ್ನೇ ಕೊಡಿ. ತಟ್ಟೆಯನ್ನು ಡಬ್ಬದ ಬಾಯಿಗೇ ಇಡಿ. ಊಟವನ್ನು ಸ್ವಲ್ಪ ಬೆಚ್ಚಗೆ ಮಾಡಿ, ಬೆಕ್ಕು ಮೂಗಿನಿಂದ ಊಟ ಮಾಡುವ ಪ್ರಾಣಿ, ಫ್ರಿಜ್ಜಿನಿಂದ ತೆಗೆದ ಕೋಳಿಗೆ ವಾಸನೆಯೇ ಇರುವುದಿಲ್ಲ. ಇಟ್ಟಾದ ಮೇಲೆ ಆಚೆ ಹೋಗಿ. ನೋಡುತ್ತಾ ನಿಂತರೆ ತಿನ್ನಲ್ಲ.

ತುಂಬಾ ಗಲೀಜಾಗಿದೆ. ಸ್ನಾನ ಮಾಡಿಸಿ ಒಳಗೆ ಬಿಡಲಾ?

ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಲು ಬಿಟ್ಟರೆ ಒರೆಸಿ, ಇಲ್ಲದಿದ್ದರೆ ಹಾಗೇ ಇರಲಿ. ಸ್ವಲ್ಪ ಧೈರ್ಯ ಬಂದ ಮೇಲೆ ಅದೇ ನೆಕ್ಕಿ ನೆಕ್ಕಿ ಚೊಕ್ಕಟ ಮಾಡಿಕೊಳ್ಳುತ್ತದೆ.

ರಾತ್ರಿಯೆಲ್ಲಾ ಬಾಗಲಾ ಮುಂದ ಕುಂತು ಒದರ್ತದ್ರೀ, ನಮಗ ನಿದ್ದೀನ ಇಲ್ಲ. ಏನ್ ಮಾಡೂಣು?

ಧಾರವಾಡದಿಂದ ಬಂದ ಪ್ರಶ್ನೆ, ಆದರೆ ಎಲ್ಲಾ ಊರಿನದ್ದೂ ಇದೇ ಕಥೆ. ಬೆಕ್ಕು ಹಗಲೆಲ್ಲಾ ಅಡಗಿ ಮಲಗಿ, ಮನೆ ನಿಶ್ಶಬ್ದ ಆದಮೇಲೆ ಹೊರಡುತ್ತದೆ. ಮಲಗುವ ಮುಂಚೆ ಹತ್ತು ನಿಮಿಷ ದಾರ ಎಳೆದಾಡಿ ಆಡಿಸಿ, ಆಮೇಲೆ ಹೊಟ್ಟೆ ತುಂಬ ಊಟ ಕೊಡಿ. ತೀರಾ ಹೆದರಿದ ಬೆಕ್ಕು ಆಡುವುದಿಲ್ಲ, ಅದಕ್ಕೆ ರಾತ್ರಿಯ ಊಟವೊಂದೇ ಸಾಕು. ಕೂಗಿದಾಗ ಹೋಗಿ ಬಾಗಿಲು ತೆಗೆದಿರೋ, ಕೂಗಿದರೆ ಬಾಗಿಲು ತೆಗೆಯುತ್ತೆ ಅಂತ ಕಲಿಯುತ್ತದೆ. ಆರು ತಿಂಗಳು ದಾಟಿದ ಹೆಣ್ಣು ಬೆಕ್ಕಾಗಿದ್ದು ಆಪರೇಷನ್ ಆಗಿಲ್ಲದಿದ್ದರೆ ಅದು ಬೆದೆಯ ಕೂಗೂ ಇರಬಹುದು. ನೆಲದ ಮೇಲೆ ಉರುಳಾಡುತ್ತಾ ಹಿಂಭಾಗ ಎತ್ತುತ್ತಿದ್ದರೆ ಅದೇ. ಅದಕ್ಕೆ ದಾರ ಆಡಿಸಿ ಪ್ರಯೋಜನ ಇಲ್ಲ, ಆಪರೇಷನ್ನೇ ಮದ್ದು.

## ಊಟ, ಮರಳು

ನಮ್ಮದು ಸಸ್ಯಾಹಾರಿ ಮನೆ. ಹಾಲು, ಮೊಸರನ್ನ ಕೊಟ್ಟರೆ ಸಾಕಾಗಲ್ವಾ?

ನಮ್ಮ ತಾತನ ಮನೆ ಬೆಕ್ಕು ಮೊಸರನ್ನ ತಿಂದೇ ದೊಡ್ಡದಾಯಿತು ಅಂತ ಎಲ್ಲರೂ ಹೇಳುತ್ತಾರೆ. ತಾತನ ಮನೆಯಲ್ಲಿ ಅಟ್ಟದ ತುಂಬ ಇಲಿ ಇದ್ದವು, ತೋಟದಲ್ಲಿ ಓತಿಕ್ಯಾತ ಇದ್ದವು, ಮೊಸರನ್ನ ಬರೀ ಉಪ್ಪಿನಕಾಯಿ ಥರ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಇಲಿ ಎಲ್ಲಿಂದ ಬರಬೇಕು? ಟಾರಿನ್ ಅನ್ನುವ ಒಂದು ಅಂಶ ಬೆಕ್ಕಿಗೆ ಮಾಂಸದಿಂದಲೇ ಬರಬೇಕು, ಅದು ಕಮ್ಮಿಯಾದರೆ ನಿಧಾನಕ್ಕೆ ಕಣ್ಣು ಮಂಕಾಗುತ್ತದೆ, ಹೃದಯ ಸೋಲುತ್ತದೆ. ಮನೆಯಲ್ಲಿ ಮಾಂಸ ಬೇಯಿಸುವ ಹಾಗಿಲ್ಲ ಅಂದರೆ ಬೆಕ್ಕಿಗೆಂದೇ ಮಾಡಿದ ಪ್ಯಾಕೆಟ್ ಆಹಾರ ತನ್ನಿ. ಅದನ್ನು ಮುಟ್ಟುವುದೂ ಆಗಲ್ಲ ಅನ್ನುವವರು ಮೊಲ ಸಾಕಿ, ಬೇಜಾರು ಮಾಡಿಕೊಳ್ಳಬೇಡಿ.

ಹಾಲು? ದೊಡ್ಡ ಬೆಕ್ಕುಗಳಲ್ಲಿ ತುಂಬಾ ಬೆಕ್ಕಿಗೆ ಅದು ಅರಗುವುದಿಲ್ಲ, ಭೇದಿ ಆಗುತ್ತದೆ. ಮೊದಲೇ ಹೆದರಿದ ಬೆಕ್ಕಿಗೆ ಹೊಟ್ಟೆಯೂ ಕೆಟ್ಟರೆ ಕಷ್ಟ. ಮಾಂಸಾಹಾರಿ ಮನೆಯವರಿಗೆ ಒಂದು ಮಾತು: ಕೋಳಿ, ಬಂಗುಡೆ ಏನೇ ಕೊಟ್ಟರೂ ಬರೀ ಬೇಯಿಸಿ ಮುಳ್ಳು ಮೂಳೆ ತೆಗೆದು ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ತುಂಡು ಬೇಡ, ಅವು ಬೆಕ್ಕಿನ ರಕ್ತವನ್ನು ಕೆಡಿಸುತ್ತವೆ.

ಟ್ರೇ ಬಿಟ್ಟು ನಮ್ಮ ಹಾಸಿಗೆ ಮೇಲೇ ಉಚ್ಚೆ ಮಾಡುತ್ತೆ. ಹಟಕ್ಕೆ ಮಾಡ್ತಿದೆಯಾ?

ಬೆಕ್ಕಿಗೆ ಹಟ ಇದೆ, ಆದರೆ ಅದು ಈ ಥರ ತೀರಿಸಿಕೊಳ್ಳುವುದಿಲ್ಲ. ಟ್ರೇ ಬಾಗಿಲ ಹತ್ತಿರವೋ ವಾಷಿಂಗ್ ಮಷಿನ್ ಪಕ್ಕವೋ ಇದೆಯಾ ನೋಡಿ. ಬೀದಿಯಲ್ಲಿ ಬೆಳೆದ ಬೆಕ್ಕಿಗೆ ಗೊತ್ತಿರುವುದು ಮಣ್ಣು, ಜಲ್ಲಿ ಮರಳು. ಅಂಗಡಿಯ ಸೆಂಟು ಹಾಕಿದ ಮರಳು ಅದಕ್ಕೆ ಕಕ್ಕಸು ಅಂತಲೇ ಅನ್ನಿಸಲ್ಲ. ಮೇಲೆ ಎರಡು ಹಿಡಿ ಹೊರಗಿನ ಮಣ್ಣು ಉದುರಿಸಿ, ದಿನ ಕಳೆದ ಹಾಗೆ ಕಮ್ಮಿ ಮಾಡುತ್ತಾ ಬನ್ನಿ. ದಿನಕ್ಕೆ ಎರಡು ಸಲ ಟ್ರೇಯಲ್ಲಿ ಗಟ್ಟಿಯಾದದ್ದನ್ನು ತೆಗೆಯಿರಿ. (ಮನೆಯಲ್ಲಿ ಬಸುರಿ ಇದ್ದರೆ ಆ ಕೆಲಸ ಬೇರೆಯವರು ಮಾಡಲಿ.) ಹಾಸಿಗೆಯಲ್ಲಿ ನಿಮ್ಮ ವಾಸನೆ ಇರುತ್ತದೆ, ಹೆದರಿದ ಬೆಕ್ಕು ತನ್ನ ವಾಸನೆಯನ್ನೂ ಅಲ್ಲಿ ಸೇರಿಸುವುದುಂಟು. ಬೈಯಬೇಡಿ, ಮೂಗು ತಿಕ್ಕಬೇಡಿ.

ಗಂಡು ಬೆಕ್ಕು ಪದೇ ಪದೇ ಟ್ರೇಗೆ ಹೋಗಿ ತಿಣುಕಿ, ಒಂದು ಹನಿಯೂ ಬರದೆ ಕೂಗುತ್ತಿದ್ದರೆ ಇದ್ಯಾವುದನ್ನೂ ಓದುತ್ತಾ ಕೂರಬೇಡಿ. ಉಚ್ಚೆ ಕಟ್ಟಿದೆ. ರಾತ್ರಿ ಎರಡಾದರೂ ಸರಿ, ಆಸ್ಪತ್ರೆಗೆ ಹೊರಡಿ. ಬೆಳಗಾಗಲಿ ಅಂತ ಕಾಯುವ ಕಾಯಿಲೆ ಅಲ್ಲ ಅದು.

## ಹತ್ತಿರ ಆಗುವುದು

ಮುಟ್ಟೋಕೆ ಹೋದ್ರೆ ಬುಸ್ ಅನ್ನುತ್ತೆ. ನನ್ನ ಕಂಡ್ರೆ ಆಗಲ್ವಾ?

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಗೊತ್ತಲ್ಲ. ಕೃಷ್ಣದೇವರಾಯ ಎಲ್ಲರಿಗೂ ಬೆಕ್ಕು ಕೊಟ್ಟು, ಹಾಲಿಗೆ ಹಸುವನ್ನೂ ಕೊಟ್ಟ. ರಾಮಕೃಷ್ಣ ಮೊದಲ ದಿನ ಕುದಿಯುವ ಹಾಲು ಇಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡರೆ ಓಡುತ್ತಿತ್ತು. ನಗುವ ಕಥೆ ಸರಿ, ಆದರೆ ಬೆಕ್ಕಿನ ತಲೆ ಓಡುವುದು ನಿಜಕ್ಕೂ ಹಾಗೇ. ನಿಮ್ಮ ಬೆಕ್ಕಿಗೆ ಯಾರೋ ಎಲ್ಲೋ ಬಿಸಿ ಹಾಲು ಇಟ್ಟಿದ್ದಾರೆ. ಕೈ ಚಾಚಿದರೆ ಕಲ್ಲು ಬರುತ್ತದೆ ಅಂತ ಅದು ಕಲಿತಿದೆ. ಬುಸ್ ಅನ್ನುವುದು ಬೈಗುಳ ಅಲ್ಲ, "ಅಲ್ಲೇ ನಿಲ್ಲು" ಅನ್ನುವ ಮಾತು. ನಿಂತುಬಿಡಿ. ಹಾಗೆ ಹೇಳಿದಾಗ ನಿಲ್ಲುವ ಮನುಷ್ಯರೂ ಇದ್ದಾರೆ ಅಂತ ಗೊತ್ತಾಗಬೇಕಲ್ಲ.

ದಿಟ್ಟಿಸಿ ನೋಡಬೇಡಿ. ಸ್ವಲ್ಪ ಪಕ್ಕಕ್ಕೆ ಮುಖ ಮಾಡಿ, ನಿದ್ದೆ ಬಂದವರ ಥರ ಕಣ್ಣನ್ನು ನಿಧಾನಕ್ಕೆ ಅರ್ಧ ಮುಚ್ಚಿ ತೆರೆಯಿರಿ. ಇಂಗ್ಲೆಂಡಿನ ಸಸೆಕ್ಸ್ ಮತ್ತು ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಮನುಷ್ಯರು ಹೀಗೆ ಕಣ್ಣು ಮಿಟುಕಿಸಿದಾಗ ಬೆಕ್ಕುಗಳೂ ತಿರುಗಿ ಮಿಟುಕಿಸಿದವು, ಅಪರಿಚಿತರು ಹೀಗೆ ಮಾಡಿ ಕೈ ಚಾಚಿದಾಗ ಹತ್ತಿರ ಬಂದದ್ದೂ ಜಾಸ್ತಿ. ನಮ್ಮ ಅಮ್ಮನಿಗೆ ಇದು ಹೇಳಿದಾಗ "ಬೆಕ್ಕಿಗೆ ಕಣ್ಣು ಹೊಡೀಬೇಕಾ ಈ ವಯಸ್ಸಲ್ಲಿ" ಅಂದರು. ಈಗ ದಿನಾ ಹೊಡೆಯುತ್ತಾರೆ.

ಮೊದಲ ಸಲ ಮುಟ್ಟೋದು ಹೇಗೆ?

ಮುಟ್ಟುವುದು ಅದು, ನೀವಲ್ಲ. ನೆಲದ ಮೇಲೆ ಕೂತು ಒಂದು ಬೆರಳನ್ನು ಅದರ ಮೂಗಿನ ಎತ್ತರಕ್ಕೆ ಹಿಡಿದು ಸುಮ್ಮನಿರಿ. ಬಂದು ಮೂಸಿ ಕೆನ್ನೆ ಉಜ್ಜಿತಾ, ಆಗ ಅದೇ ಕೆನ್ನೆಯನ್ನು, ಗದ್ದವನ್ನು ಮೂರು ಸಲ ಕೆರೆದು ಕೈ ಹಿಂದಕ್ಕೆ ತೆಗೆದುಕೊಳ್ಳಿ. ಇನ್ನೂ ಬೇಕಾದರೆ ಅದೇ ಮುಂದೆ ಬರುತ್ತದೆ. ತಲೆಯ ಮೇಲಿಂದ ಕೈ ತರಬೇಡಿ. ಹೊಟ್ಟೆ, ಬಾಲದ ಬುಡ ಈಗಲೇ ಬೇಡ. ಬಾಲ ಪಟಪಟ ಬಡಿಯಲು ಶುರುವಾದರೆ, ಕಿವಿ ಪಕ್ಕಕ್ಕೆ ಮಲಗಿದರೆ ಇವತ್ತಿಗೆ ಸಾಕು.

ಮಕ್ಕಳು ಸುಮ್ನೆ ಇರಲ್ಲ, ಹಿಂದೆಯೇ ಓಡ್ತಾರೆ. ಏನು ಮಾಡೋದು?

"ಮುಟ್ಟಬೇಡ" ಅಂದರೆ ಮುಟ್ಟುತ್ತಾರೆ. ಅದರ ಬದಲು ಕೆಲಸ ಕೊಡಿ. ನೀರಿನ ಬಟ್ಟಲು ತುಂಬಿಸುವುದು ಒಬ್ಬರಿಗೆ, ಬಾಗಿಲಾಚೆ ಕೂತು ಪಾಠ ಗಟ್ಟಿಯಾಗಿ ಓದುವುದು ಇನ್ನೊಬ್ಬರಿಗೆ. ಬೆಕ್ಕಿಗೆ ಮಗ್ಗಿ ಬರುತ್ತೋ ಇಲ್ಲವೋ, ಮಗುವಿಗಂತೂ ಬರುತ್ತದೆ.

ಕೋಣೆಯಿಂದ ಆಚೆ ಯಾವಾಗ ಬಿಡೋದು?

ನೀವು ಒಳಗೆ ಹೋದಾಗ ಅಡಗದೆ, ಬಾಲ ಮೇಲೆತ್ತಿ ಎದುರಿಗೆ ಬರುವ ದಿನ. ಮನೆಯಲ್ಲಿ ಗಲಾಟೆ ಇಲ್ಲದ ಹೊತ್ತು ನೋಡಿ, ಮುಂಬಾಗಿಲಿಗೆ ಚಿಲಕ ಹಾಕಿ, ಕೋಣೆಯ ಬಾಗಿಲು ತೆರೆದಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಿ. ಹಳೇ ಕೋಣೆ, ಡಬ್ಬ ಹಾಗೇ ಇರಲಿ, ಹೆದರಿದಾಗ ವಾಪಸ್ ಓಡಲು ಜಾಗ ಬೇಕು.

## ಸ್ವಲ್ಪ ಕಷ್ಟದವು

ಮನೆಯಲ್ಲಿ ಆಗಲೇ ಒಂದು ಬೆಕ್ಕಿದೆ. ಎರಡನ್ನೂ ಎದುರುಬದುರು ಬಿಟ್ರೆ ತಾವೇ ಸರಿಹೋಗ್ತವಾ?

ಇಲ್ಲ. ಒಮ್ಮೆ ಕಚ್ಚಾಡಿದರೆ ತಿಂಗಳುಗಟ್ಟಲೆ ಅನುಭವಿಸಬೇಕು. ಮೊದಲು ವಾಸನೆಯ ಪರಿಚಯ. ಹೊಸದರ ಕೆನ್ನೆಗೆ ಉಜ್ಜಿದ ಕಾಲುಚೀಲವನ್ನು ಹಳೇದರ ಊಟದ ಹತ್ತಿರ ಇಡಿ, ಅದರದ್ದು ಇದಕ್ಕೆ. ಬುಸ್ ಅನ್ನದೆ ಮೂಸಿ ಸುಮ್ಮನಾದ ಮೇಲೆ ಮುಚ್ಚಿದ ಬಾಗಿಲಿನ ಆಚೆ ಈಚೆ ಎರಡಕ್ಕೂ ಊಟ ಹಾಕಿ, ದಿನದಿನಕ್ಕೂ ತಟ್ಟೆಯನ್ನು ಬಾಗಿಲ ಹತ್ತಿರಕ್ಕೆ ಸರಿಸಿ. ಆಮೇಲೆ ಬಾಗಿಲು ಒಂದು ಬೆರಳಷ್ಟು ತೆರೆದು, ಇಲ್ಲವೇ ಸೊಳ್ಳೆ ಜಾಲರಿಯ ಬಾಗಿಲಿದ್ದರೆ ಅದರ ಮೂಲಕ, ಮುಖ ನೋಡಲಿ. ಕೆಲವಕ್ಕೆ ಒಂದು ವಾರ, ಕೆಲವಕ್ಕೆ ಎರಡು ತಿಂಗಳು. ಟ್ರೇ ಬೆಕ್ಕಿಗೆ ಒಂದರಂತೆ, ಮೇಲೆ ಇನ್ನೊಂದು. ಹಳೇ ಬೆಕ್ಕಿಗೆ ಮೊದಲು ಊಟ, ಮೊದಲು ಮುದ್ದು. ಹಿರಿ ಸೊಸೆ ಥರ ಅದಕ್ಕೂ ಮರ್ಯಾದೆ ಬೇಕು.

ಮುಟ್ಟೋಕೇ ಬಿಡಲ್ಲ, ಇನ್ನು ಇಂಜೆಕ್ಷನ್ ಎಲ್ಲಿಂದ ಕೊಡಿಸೋದು?

ಬುಟ್ಟಿಯನ್ನು ಅಟ್ಟಕ್ಕೆ ಹಾಕಬೇಡಿ. ಬಾಗಿಲು ತೆರೆದು ಕೋಣೆಯಲ್ಲೇ ಇಟ್ಟು ಅದರೊಳಗೇ ಊಟ ಹಾಕಿ, ಆಗ ಆಸ್ಪತ್ರೆಯ ದಿನ ಹಿಡಿಯುವ ಯುದ್ಧ ಇರುವುದಿಲ್ಲ. ತೀರಾ ಹೆದರುವ ಬೆಕ್ಕಿಗೆ ಹೊರಡುವ ಮುಂಚೆ ಕೊಡಲು ಡಾಕ್ಟರ್ ಮಾತ್ರೆ ಬರೆದುಕೊಡುತ್ತಾರೆ, ಕೇಳಿ. ಸಾಮಾನ್ಯವಾಗಿ ಎಂಟು ವಾರಕ್ಕೆ ಟ್ರೈಕ್ಯಾಟ್ ಅನ್ನುವ ಲಸಿಕೆ ಶುರು, ಮೂರು ತಿಂಗಳಿಗೆ ರೇಬೀಸ್ ಲಸಿಕೆ. ನಿಮ್ಮ ಮನೆಯಲ್ಲಿ ಹಿಂದೆ ಯಾವುದಾದರೂ ಬೆಕ್ಕು ವಾಂತಿಭೇದಿಯಾಗಿ ಸತ್ತಿದ್ದರೆ ಮೊದಲೇ ಡಾಕ್ಟರ್‌ಗೆ ಹೇಳಿ. ಅಂಥ ವಾಂತಿಭೇದಿ ತರುವ ಪ್ಯಾನ್‌ಲ್ಯೂಕೋಪೀನಿಯಾ ವೈರಸ್ ಮನೆಯೊಳಗೆ ವರ್ಷದವರೆಗೂ ಉಳಿಯಬಲ್ಲದು, ಲಸಿಕೆ ಆಗದ ಮರಿಯನ್ನು ಅಲ್ಲಿಗೆ ತರಬಾರದು.

ಪರಚಿ ರಕ್ತ ಬಂತು. ಅರಿಶಿನ ಹಚ್ಚಿದ್ರೆ ಸಾಕಾ?

ಅರಿಶಿನ, ಸುಣ್ಣ ಏನೂ ಬೇಡ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಗಡಿಯಾರ ನೋಡಿಕೊಂಡೇ. ಅವತ್ತೇ ಆಸ್ಪತ್ರೆಗೆ ಹೋಗಿ, ಸರ್ಕಾರಿ ಆಸ್ಪತ್ರೆಯಲ್ಲೂ ರೇಬೀಸ್ ಲಸಿಕೆ ಕೊಡುತ್ತಾರೆ. ಬೆಕ್ಕು ಕಚ್ಚಿದ ಗಾಯ ಸಣ್ಣ ತೂತಿನಂತೆ ಕಂಡರೂ ಒಳಗೆ ಕೀವಾಗುವುದು ಜಾಸ್ತಿ, ಅಸಡ್ಡೆ ಬೇಡ.

ಬಂದು ತಿಂಗಳಾಗಿಲ್ಲ, ದೀಪಾವಳಿ ಬಂತು. ಪಟಾಕಿಗೆ ಏನು ಮಾಡಲಿ?

ರಸ್ತೆಯಿಂದ ದೂರದ ಕೋಣೆ ಅಥವಾ ಬಚ್ಚಲು, ಕಿಟಕಿಗೆ ದಪ್ಪ ಹೊದಿಕೆ, ಒಳಗೆ ಡಬ್ಬ, ಫ್ಯಾನ್ ಇಲ್ಲವೇ ರೇಡಿಯೋ ಶಬ್ದ. ಸಂಜೆ ಐದಕ್ಕೇ ಊಟ ಮುಗಿಸಿ ಒಳಗೆ ಬಿಡಿ. ದೀಪ ಹಚ್ಚಲು ಮುಂಬಾಗಿಲು ತೆರೆದಿಡುತ್ತೇವಲ್ಲ, ಅವತ್ತೇ ಬೆಕ್ಕುಗಳು ಕಳೆಯುವುದು.

ಬಾಗಿಲು ತೆರೆದಾಗ ಓಡಿಹೋಯ್ತು! ಎಲ್ಲಿ ಅಂತ ಹುಡುಕೋದು?

ದೂರ ಹೋಗಬೇಡಿ. ಪುಕ್ಕಲು ಬೆಕ್ಕು ಓಡಿ ಸಿಕ್ಕ ಮೊದಲ ಸಂದಿಗೆ ತೂರಿ ಉಸಿರು ಬಿಗಿಹಿಡಿದು ಕೂರುತ್ತದೆ. ನೀವು ಹೆಸರು ಹಿಡಿದು ಕೂಗಿದರೂ ಬರಲ್ಲ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಿಕ್ಕ ಬೆಕ್ಕುಗಳ ಪೈಕಿ ಮುಕ್ಕಾಲು ಪಾಲು ಕಳೆದ ಜಾಗದಿಂದ 500 ಮೀಟರ್ ಒಳಗೇ ಸಿಕ್ಕಿದ್ದವು. ಮೆಟ್ಟಿಲ ಕೆಳಗೆ, ಕಾರಿನ ಅಡಿ, ಮೀಟರ್ ಬೋರ್ಡಿನ ಕೋಣೆ, ಪಕ್ಕದ ಸೈಟಿನ ಗಿಡಗಂಟೆ, ಜನರೇಟರ್ ಹಿಂದೆ. ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ಹಿಡಿದು ಬಗ್ಗಿ ನೋಡಿದರೆ ಎರಡು ಕಣ್ಣು ಹೊಳೆಯುತ್ತವೆ. ಬೆಳಗಿನ ಜಾವ ಮೂರು ಗಂಟೆ ಒಳ್ಳೆ ಹೊತ್ತು, ನಾಯಿಗಳೂ ಮಲಗಿರುತ್ತವೆ. ಬಾಗಿಲ ಹತ್ತಿರ ನೀವು ಹಾಕಿಕೊಂಡು ಬಿಟ್ಟ ಬಟ್ಟೆ ಇಡಿ. ವಾಚ್‌ಮನ್‌ಗೆ, ಕಸ ತೆಗೆದುಕೊಳ್ಳುವವರಿಗೆ ಫೋಟೋ ತೋರಿಸಿ. ನನಗೆ ಸಿಕ್ಕ ಸುದ್ದಿಗಳೆಲ್ಲ ಅವರಿಂದಲೇ.

ಆರು ತಿಂಗಳಾಯ್ತು, ಇನ್ನೂ ತೊಡೆ ಮೇಲೆ ಬಂದಿಲ್ಲ. ವಾಪಸ್ ಕೊಡ್ಲಾ?

ತಿನ್ನುತ್ತಿದೆಯಾ? ಟ್ರೇ ಸರಿಯಾಗಿ ಬಳಸುತ್ತಿದೆಯಾ? ನೀವು ಕೋಣೆಯಲ್ಲಿದ್ದಾಗ ಮೈ ನೆಕ್ಕಿಕೊಳ್ಳುತ್ತಾ ಕೂರುತ್ತದಾ? ಹಾಗಾದರೆ ಅದು ಹೊಂದಿಕೊಂಡಿದೆ, ತೊಡೆ ಅದರ ಪಟ್ಟಿಯಲ್ಲಿಲ್ಲ ಅಷ್ಟೆ. ಬೆಕ್ಕಿನ ಮರಿಗೆ ಮನುಷ್ಯರು ರೂಢಿಯಾಗುವ ಹೊತ್ತು ಸುಮಾರು ಎರಡರಿಂದ ಏಳು ವಾರದ ವಯಸ್ಸು. ಆ ದಿನಗಳನ್ನು ಚರಂಡಿ ಪಕ್ಕ ಕಳೆದ ಬೆಕ್ಕು ಎಷ್ಟು ಪ್ರೀತಿ ಕೊಟ್ಟರೂ ಸ್ವಲ್ಪ ದೂರ ಇಟ್ಟುಕೊಂಡೇ ಬದುಕಬಹುದು. ಅದನ್ನು ವಾಪಸ್ ಕೊಟ್ಟರೆ ಮತ್ತೆ ಇನ್ನೊಂದು ಮಂಚದ ಕೆಳಗೆ ಮೊದಲಿಂದ ಶುರು. ಕೂದಲು ಉದುರುವಷ್ಟು ನೆಕ್ಕಿಕೊಳ್ಳುತ್ತಿದ್ದರೆ, ಇನ್ನೂ ರಾತ್ರಿ ಮಾತ್ರ ಹೊರಗೆ ಬರುತ್ತಿದ್ದರೆ ಡಾಕ್ಟರ್‌ಗೆ ತೋರಿಸಿ, ಎಲ್ಲೋ ನೋವಿರಬಹುದು.

ಬೂದಿ ಬಂದು ಏಳು ವರ್ಷ. ಇವತ್ತಿಗೂ ಎತ್ತಿಕೊಳ್ಳಲು ಬಿಟ್ಟಿಲ್ಲ, ಕಾಲಿಂಗ್ ಬೆಲ್ ಆದರೆ ಇವತ್ತಿಗೂ ದಿವಾನದೊಳಗೆ. ರಾತ್ರಿ ಒಂಬತ್ತಾದರೆ ಮಾತ್ರ ಪೇಪರಿನ ಮೇಲೆ ಬಂದು ಕೂರುತ್ತದೆ, ಸರಿಯಾಗಿ ಅಡಿಕೆ ಧಾರಣೆಯ ಮೇಲೆ.